ಏಳು ಎಂದ ಹಳೆಯ ಕೀಬೋರ್ಡ್

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಂಬದವರು ಬಂದು ನನ್ನ ಹೆಂಡತಿಯ ಎಡಗೈ ಮಣಿಕಟ್ಟು ನೋಡಲಿ. ಮೂಳೆ ಕೂಡಿದೆ... ನೆಟ್ಟಗೆ ಕೂಡಿಲ್ಲ.

ನಾನು ಟಿವಿ, ಯುಪಿಎಸ್, ಕಂಪ್ಯೂಟರ್ ಬಿಚ್ಚಿ ಕಟ್ಟಿಯೇ ಹೊಟ್ಟೆ ಹೊರೆದವನು. ಯಾವ ಯಂತ್ರ ಯಾಕೆ ಕೆಟ್ಟಿತು ಎಂದು ಕೇಳಿದರೆ ಕಾರಣ ಹೇಳಬಲ್ಲೆ. ಇದೊಂದಕ್ಕೆ ಮಾತ್ರ ಇವತ್ತಿಗೂ ನನ್ನ ಬಳಿ ಕಾರಣವಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ಕೆಳಗೆ ನನ್ನ ರಿಪೇರಿ ಅಂಗಡಿ, ಮೇಲೆ ಮನೆ. ಹೆಂಡತಿ ಕವಿತಾ ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತಾಳೆ. ವಿದ್ಯಾನಗರದ ಹಾಸ್ಟೆಲ್ ಹುಡುಗಿಯರ ಪ್ರಬಂಧಗಳೇ ಹೆಚ್ಚು. ಅವಳು ಟೈಪ್‌ರೈಟರ್ ಮೇಲೆ ಕಲಿತವಳು. ಈಗಿನ ಕೀಬೋರ್ಡ್‌ಗಳೆಂದರೆ ಅವಳಿಗೆ ಆಗದು. "ನೆನೆದ ಮಂಡಕ್ಕಿ ಒತ್ತಿದಂಗೆ ಆಗ್ತೈತೆ ರೀ," ಎನ್ನುತ್ತಿದ್ದಳು.

ಹಾಗಾಗಿಯೇ ಹರಿಹರದ ದಾದಾಪೀರ್‌ನ ಗುಜರಿ ಅಂಗಡಿಯಲ್ಲಿ ಆ ಕೀಬೋರ್ಡ್ ಕಣ್ಣಿಗೆ ಬಿದ್ದಾಗ ನನಗೆ ಖುಷಿಯಾಯಿತು. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಆಫೀಸಿನ ಸಾಮಾನಂತೆ. ಒಳಗೆ ಕಬ್ಬಿಣದ ತಟ್ಟೆ, ಪ್ರತಿ ಕೀಲಿಯ ಕೆಳಗೂ ಒಂದು ಸ್ಪ್ರಿಂಗ್, ಹಳೇ ಟೆಲಿಫೋನಿನಂಥ ಸುರುಳಿ ವೈರು. ಒಂದು ಕೀಲಿ ಒತ್ತಿದೆ... ಟಕ್! ಅಂಗಡಿ ತುಂಬಾ ಕೇಳಿಸಿತು.

ಅದರ ಪಿನ್ನು ಇವತ್ತಿನ ಯಾವ ಕಂಪ್ಯೂಟರಿಗೂ ಕೂರುವುದಿಲ್ಲ. ಐದು ಕಾಲಿನ ದುಂಡನೆಯ ಪಿನ್ನು. ನಾನು ಅದನ್ನು ಕತ್ತರಿಸಿ ಹಾಕಿದೆ. ಒಳಗೆ ಕೆಲಸಕ್ಕೆ ಬರುವ ನಾಲ್ಕು ವೈರುಗಳನ್ನು ಹೆಬ್ಬೆರಳಿನಷ್ಟು ಚಿಕ್ಕ ಬೋರ್ಡಿಗೆ ಬೆಸುಗೆ ಹಾಕಿದೆ. ಹಳೇ ಕೀಬೋರ್ಡ್ ಕಳಿಸುವ ಸಂಕೇತವನ್ನು ಹೊಸ ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ತಿರುಗಿಸಿಕೊಡುವುದು ಆ ಬೋರ್ಡಿನ ಕೆಲಸ. ಅದಕ್ಕೆ ಪ್ರೋಗ್ರಾಂ ತುಂಬಿ, ಯುಎಸ್‌ಬಿ ವೈರು ಜೋಡಿಸಿದೆ.

ಕೀಲಿಗಳನ್ನು ಕಿತ್ತು ಸೋಪಿನ ನೀರಲ್ಲಿ ನೆನೆಹಾಕುವಾಗ ತಟ್ಟೆಯ ಮೇಲೆ ಕಂದು ಬಣ್ಣದ ಪುಡಿ ಕಂಡಿತು. ಧೂಳೆಂದುಕೊಂಡು ಊದಿದೆ. ಸೀನು ಬಂತು. ನಶ್ಯ! ಯಾರೋ ಎಷ್ಟೋ ಕಾಲ ನಶ್ಯ ಏರಿಸುತ್ತ ಅದರ ಮೇಲೆ ಕೆಲಸ ಮಾಡಿದ್ದರು. ಬ್ರಷ್ಷು ಹಾಕಿ ತಿಕ್ಕಿ ತೊಳೆದೆ.

ಕವಿತಾ ಒಂದು ಸಾಲು ಟೈಪ್ ಮಾಡಿ ನೋಡಿ ಮಗುವಿನ ಹಾಗೆ ನಕ್ಕಳು. "ಕೈಗೆ ಜೀವ ಬಂತು ನೋಡ್ರಿ!"

ಒಂದು ವಾರ ಏನೂ ಇಲ್ಲ. ಆಮೇಲೆ ಒಬ್ಬ ಹುಡುಗಿ ಫೋನ್ ಮಾಡಿದಳು. "ಮೇಡಂ, ನನ್ನ ಪ್ರಬಂಧದಾಗೆ ಅಲ್ಲಲ್ಲಿ ಏಳು ಏಳು ಅಂತ ಬಂದೈತೆ. ಏನ್ ಏಳು ಮೇಡಂ? ಪುಟದ ನಂಬರಾ?"

ಕವಿತಾ ತೆರೆದು ನೋಡಿದಳು. ನಿಜ. ವಾಕ್ಯಗಳ ನಡುವೆ, ಸಂಬಂಧವೇ ಇಲ್ಲದ ಕಡೆ, 'ಏಳು' ಎಂಬ ಅಕ್ಷರಗಳು ಕೂತಿದ್ದವು. ಅವಳು ಒತ್ತಿದ್ದಲ್ಲ.

"ಹಳೇ ಸ್ವಿಚ್ಚು. ತಾನಾಗೇ ಒತ್ತಿಕೊಳ್ತಿರಬೇಕು," ಎಂದೆ ನಾನು.

ಹೇಳಿದ್ದೇನೋ ಹೇಳಿದೆ, ಆದರೆ ಬಿಚ್ಚಿ ಕೂತಾಗ ಆ ಮಾತು ನಿಲ್ಲಲಿಲ್ಲ. ಅವಳ ಕನ್ನಡ ಕೀಲಿ ವಿನ್ಯಾಸದಲ್ಲಿ 'ಏ' ಬರಬೇಕಾದರೆ ಶಿಫ್ಟ್ ಒತ್ತಿ ಹಿಡಿಯಬೇಕು. 'ಳ' ಬರಲೂ ಶಿಫ್ಟ್ ಬೇಕು. ಕೊಂಬಿಗೆ ಮಾತ್ರ ಶಿಫ್ಟ್ ಬಿಡಬೇಕು. ಕೆಟ್ಟ ಸ್ವಿಚ್ಚು ಇಷ್ಟು ಲೆಕ್ಕ ಇಟ್ಟುಕೊಂಡು ಒತ್ತುವುದಿಲ್ಲ. ಬೆಸುಗೆಯನ್ನೆಲ್ಲ ಮತ್ತೆ ಮಾಡಿದೆ. ಪ್ರೋಗ್ರಾಂ ಅಳಿಸಿ ಮತ್ತೆ ತುಂಬಿದೆ. ತಪ್ಪು ಎಲ್ಲೂ ಸಿಗಲಿಲ್ಲ.

ಅವತ್ತು ಊಟವಾದ ಮೇಲೆ ಅವಳಿಗೆ ಹೇಳಿದೆ, "ನೀನು ಟೈಪ್ ಮಾಡು. ನಾನು ಪಕ್ಕದಾಗೆ ಕೂತು ಕೀಲಿ ನೋಡ್ತೀನಿ."

ಬೀದಿಯಲ್ಲಿ ಆಟೋಗಳ ಸದ್ದು ಇಳಿದಿತ್ತು. ಕೋಣೆಯಲ್ಲಿ ಫ್ಯಾನಿನ ಗರಗರ, ಕೀಲಿಗಳ ಟಕಟಕ, ಅಷ್ಟೇ.

ಮೊದಲು ಬಂದದ್ದು ವಾಸನೆ. ಖಾರ, ಒಣ ವಾಸನೆ... ಮೂಗಿನ ಬುಡ ಉರಿಯುವಂಥದ್ದು. ನಶ್ಯದ ವಾಸನೆ. ನಾನು ತೊಳೆದು ಬಿಸಿಲಿಗಿಟ್ಟ ಕೀಬೋರ್ಡದು.

ಕವಿತಾ ಬೆರಳು ಎತ್ತಿದಳು. "ನಿಮಗೆ ವಾಸನೆ ಬಂತಾ?"

ಉತ್ತರ ಕೊಡುವ ಮೊದಲೇ ಶಿಫ್ಟ್ ಕೀಲಿ ಕೆಳಗಿಳಿಯಿತು.

ಅವಳ ಎರಡೂ ಕೈ ಗಾಳಿಯಲ್ಲಿದ್ದವು. ನಾನು ಕಣ್ಣಾರೆ ಕಂಡೆ. ಕೀಲಿ ನಿಧಾನವಾಗಿ ಇಳಿದು ಅಲ್ಲೇ ನಿಂತಿತು, ಯಾರೋ ಬೆರಳಿಟ್ಟು ಒತ್ತಿ ಹಿಡಿದ ಹಾಗೆ. ಟಕ್. ಟಕ್. ಶಿಫ್ಟ್ ಮೇಲೆದ್ದಿತು. ಟಕ್.

ಏಳು.

ಅದು ಸಂಖ್ಯೆಯಲ್ಲ ಎಂದು ಆಗ ಇಬ್ಬರಿಗೂ ಹೊಳೆಯಿತು. ಕೂತವರಿಗೆ ಹೇಳುವ ಮಾತು ಅದು.

ಅವಳಿಗೆ ಏಳಲಾಗಲಿಲ್ಲ. ಕೀಲಿಗಳು ಈಗ ಜೋರಾಗಿ ಇಳಿಯತೊಡಗಿದವು, ಮೇಜು ಅದುರುವಷ್ಟು. ಶಿಫ್ಟ್ ಈ ಸಲ ಕೊನೆಯವರೆಗೂ ಮೇಲೆ ಬರಲೇ ಇಲ್ಲ. ಪರದೆಯ ಮೇಲೆ ಬೇರೆಯೇ ಮಾತು ಮೂಡಿತು.

ಏಳೇ.

ಏಳೇ. ಏಳೇ. ಏಳೇ.

ಹೆಂಗಸೊಬ್ಬಳು ಕೂತಿದ್ದಾಳೆ ಎಂದು ಅದಕ್ಕೆ ಗೊತ್ತಿತ್ತು. ನಾನು ಎಗರಿ ವೈರು ಕಿತ್ತೆ. ಪರದೆಯ ಮೇಲಿನ ಅಕ್ಷರ ನಿಂತಿತು. ಕೀಲಿಗಳು ನಿಲ್ಲಲಿಲ್ಲ... ವೈರು ನನ್ನ ಕೈಯಲ್ಲಿ ನೇತಾಡುತ್ತಿತ್ತು, ಕರೆಂಟಿಲ್ಲದ ಆ ಕಬ್ಬಿಣದ ಪೆಟ್ಟಿಗೆ ಟಕಟಕಟಕ ಎಂದು ಬಡಿದುಕೊಳ್ಳುತ್ತಲೇ ಇತ್ತು.

"ರೀ... ಹಿಂದೆ ಯಾರೋ..." ಎಂದಳು ಕವಿತಾ.

ಕುರ್ಚಿಯ ಹಿಂದಿನ ಕಾಲುಗಳು ನೆಲ ಬಿಟ್ಟವು. ಬೆಕ್ಕನ್ನು ಕೆಳಗೆ ಕೆಡವಲು ಕುರ್ಚಿ ಎತ್ತಿ ಕೊಡವುತ್ತಾರಲ್ಲ, ಹಾಗೆ. ಅವಳು ಮುಂದಕ್ಕೆ ಬಿದ್ದಳು. ಎಡಗೈ ಮೇಜಿಗೂ ನೆಲಕ್ಕೂ ನಡುವೆ ಸಿಕ್ಕಿತು. ಮೂಳೆಯ ಸದ್ದು ನನಗೆ ಕೇಳಿಸಿತು.

ಆಮೇಲೆ ಎಲ್ಲ ಸದ್ದೂ ಒಮ್ಮೆಲೇ ನಿಂತುಹೋಯಿತು.

ಆಸ್ಪತ್ರೆಗೆ ಹೋಗಿ ಕೈಗೆ ಪ್ಲಾಸ್ಟರು ಹಾಕಿಸಿದ ಮೇಲೆ ಕೀಬೋರ್ಡನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹರಿಹರಕ್ಕೆ ಹೊರಟೆ. ಕವಿತಾ ತಾನೂ ಬರುತ್ತೇನೆಂದು ಹಠ ಹಿಡಿದಳು. "ಕೈ ಮುರಿದಿದ್ದು ನಂದು. ಮುರಿದೋರು ಯಾರು ಅಂತ ನನಗೂ ಗೊತ್ತಾಗ್ಬೇಕು."

ದಾದಾಪೀರ್ ನನ್ನ ಮಾತು ಕೇಳಿ ನಗಲಿಲ್ಲ. ಗಡ್ಡ ಕೆರೆದುಕೊಂಡ. "ನೋಡು ಪ್ರಕಾಶಣ್ಣ, ಆ ಆಫೀಸಿನ ಮಾಲು ಲಾರಿಗೆ ಹೇರೋವಾಗ ಅಲ್ಲಿನ ಹಳೇ ಟೈಪಿಸ್ಟು ಬಂದಿದ್ದ. ಲಾರಿ ಹತ್ತಿ ತನ್ನ ಕುರ್ಚಿ ಮ್ಯಾಲೆ ಕೂತ್ಬಿಟ್ಟ. ಏಳ್ರಿ ಸಾಹೇಬ್ರೆ ಅಂದ್ರೆ ಏಳವಲ್ಲ. ನಾವೇ ಎತ್ತಿ ಕೆಳಗಿಟ್ವಿ. ಅವಾಗ ನೋಡಿದ ನೋಟ ಐತಲ್ಲ... ಯಾ ಅಲ್ಲಾ."

"ಸತ್ತು ಎಷ್ಟು ದಿನ ಆತು?" ಎಂದೆ.

ದಾದಾಪೀರ್ ನನ್ನನ್ನೇ ನೋಡಿದ. "ಯಾರು ಸತ್ತಿದ್ದು? ಗುತ್ತೂರಾಗೆ ಮಗನ ಮನ್ಯಾಗೆ ಅದಾನೆ. ಗಟ್ಟಿ ಅದಾನೆ."

ಸತ್ತವನೆಂದು ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಗುತ್ತೂರಿನ ಆ ಮನೆಯವರ ಹೆಸರು ಬರೆಯುವುದಿಲ್ಲ, ಅವರು ಈಗಲೂ ಅಲ್ಲೇ ಇದ್ದಾರೆ. ನಾವು ಹೋದಾಗ ಹೊತ್ತು ಮುಳುಗಿತ್ತು. ಸೊಸೆ ಒಳ್ಳೆಯ ಹೆಂಗಸು. "ಬರ್ರಿ, ಕೂಡ್ರಿ," ಎಂದು ಒಳಗೆ ಕರೆದಳು. ಅಷ್ಟರಲ್ಲೇ ದನಿ ತಗ್ಗಿಸಿ, "ಮಾವರಿಗೆ ಮಂದಿ ಕಂಡ್ರೆ ಆಗಲ್ಲ. ಏನಂದ್ರೂ ಬೇಜಾರಾಗ್ಬ್ಯಾಡ್ರಿ," ಎಂದಳು.

ನಡುಮನೆಯಲ್ಲಿ ಮುದುಕ ಮಂಚದ ಮೇಲೆ ನೆಟ್ಟಗೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೂಗಿನ ಕೆಳಗೆ ಕಂದು ಕಲೆ. ಎರಡೂ ಕೈ ತೊಡೆಯ ಮೇಲೆ. ಹತ್ತೂ ಬೆರಳುಗಳು ಪಂಚೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು.

"ದಿನಾ ಹಿಂಗೇ," ಎಂದು ಸೊಸೆ ಪಿಸುಗುಟ್ಟಿದಳು. "ಆಫೀಸ್ನಾಗೆ ಇಂಗ್ಲಿಷ್ ಟೈಪಿಸ್ಟ್ ಇದ್ರು. ಹೊತ್ತು ಮುಳುಗಿದ ಕೂಡ್ಲೆ ಶುರು. ಹೋದ ವಾರ ಒಂದಿನ ಭಾಳ ಜೋರಾಗಿತ್ತು. ಮಂಚ ಅದುರ್ತಿತ್ತು."

ಕವಿತಾಳ ಕೈ ಮುರಿದದ್ದೂ ಹೋದ ವಾರವೇ.

ಗೋಣಿಚೀಲ ಇನ್ನೂ ಕಟ್ಟಿಯೇ ಇತ್ತು. ಮುದುಕ ಅದನ್ನು ನೋಡಿದ, ಆಮೇಲೆ ನನ್ನನ್ನು. ಕಣ್ಣಲ್ಲಿ ಅಂಥ ದ್ವೇಷವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ವೈರು ಕೊಯ್ದೋನು ನೀನೇನಾ?"

ಆತನ ಕಣ್ಣು ನನ್ನನ್ನು ದಾಟಿ ಬಾಗಿಲ ಬಳಿ ನಿಂತಿದ್ದ ಕವಿತಾಳ ಮೇಲೆ ಹೋಯಿತು. ಪ್ಲಾಸ್ಟರು ಹಾಕಿದ ಕೈಯನ್ನು ನಿಧಾನವಾಗಿ ನೋಡಿ, ತುಟಿಯ ಒಂದು ತುದಿ ಮೇಲೆತ್ತಿದ.

"ಎದ್ದ್ಯಾ?"

ಸೊಸೆಗೆ ಏನೂ ಅರ್ಥವಾಗಲಿಲ್ಲ. "ಮಾವಾ, ಅವ್ರು ಈಗ ಬಂದಾರೆ, ಇನ್ನಾ ಕೂತೇ ಇಲ್ಲ," ಎಂದಳು.

ಕವಿತಾ ಒಂದು ಹೆಜ್ಜೆ ಮುಂದೆ ಬಂದಳು. ದನಿ ಗಟ್ಟಿಯಾಗಿಯೇ ಇತ್ತು. "ಎದ್ದೆ. ಕೈ ಮುರಿದು ಎಬ್ಬಿಸ್ಬೇಕಿತ್ತಾ?"

"ಎಷ್ಟ್ ಸಲ ಹೇಳ್ಬೇಕು?" ಎಂದ ಮುದುಕ. ಅಷ್ಟೇ. ಗೋಡೆಯ ಕಡೆ ತಿರುಗಿದ. ಬೆರಳುಗಳು ಮತ್ತೆ ಆಡತೊಡಗಿದವು.

ಚೀಲವನ್ನು ಮಂಚದ ಕಾಲಿನ ಬಳಿ ಇಟ್ಟು ಹೊರಬಿದ್ದೆವು. ದಾವಣಗೆರೆಯ ಬಸ್ಸು ಹತ್ತಿದೆವು. ಆಮೇಲೆ ಕವಿತಾ ಕೇಳಿದಳು, "ಆತ ಇಂಗ್ಲಿಷ್ ಟೈಪಿಸ್ಟ್ ಅಂದ್ಲಲ್ಲ ಸೊಸಿ. ಕನ್ನಡ ಕೀಲಿ ಯಾರು ಕಲಿಸಿದ್ರು ಆತಗೆ?" ಕವಿತಾಳ ಬೆರಳು ನೋಡಿ ನೋಡಿ ಕಲಿತನೇ ಎಂಬ ಯೋಚನೆ ಬಂತು.

ಮನೆಯಲ್ಲಿ ಮತ್ತೇನೂ ಆಗಲಿಲ್ಲ. ಅವಳು ಈಗ ಟೈಪಿಂಗ್ ಮಾಡುವುದು ಹೊಸ ಕೀಬೋರ್ಡಿನ ಮೇಲೆ, ಅದೂ ಹಗಲು ಮಾತ್ರ.

ಮೊನ್ನೆ ಗುತ್ತೂರಿನ ಸೊಸೆಯಿಂದ ಫೋನ್ ಬಂತು. ಮುದುಕ ತೀರಿಕೊಂಡನಂತೆ. ಕೂತಲ್ಲೇ ಹೋದನಂತೆ.

ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅಡುಗೆಮನೆಗೆ ಹೋಗಿ ಕವಿತಾಗೆ ಹೇಳಿದೆ. "ಇನ್ನು ಹೆದರಿಕಿ ಇಲ್ಲ ಬಿಡು. ಆತ ಹೋದ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.

"ಇಷ್ಟು ದಿನ ಆತ ಗುತ್ತೂರಾಗೆ ಅದಾನೆ ಅಂತ ಗೊತ್ತಿತ್ತು," ಎಂದಳು. "ಈಗ ಎಲ್ಲಿ ಅದಾನೆ ಅಂತ ಯಾರಿಗೆ ಗೊತ್ರೀ?"