ಓಡಿಸದ ಸಾವಿರದೈನೂರು ಮೀಟರ್

ಸೆವರಿನ್ ಪಿಂಟೊ ಡೆಕಾತ್ಲಾನ್ ಚಾಂಪಿಯನ್ ಆಗಿದ್ದವನು ಎಂದು ಯಾರಿಗಾದರೂ ಹೇಳಿ ನೋಡಿ. ಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ಕೇಳುತ್ತಾರೆ: "ಅದು ಹತ್ತು ಐಟಮ್ ಅಲ್ವಾ? ಅದ್ರಲ್ಲಿ ಇವರದ್ದು ಯಾವುದು?" ಹತ್ತೂ ಅವನದ್ದೇ ಸ್ವಾಮಿ! ಎರಡು ದಿನ, ಹತ್ತು ಸ್ಪರ್ಧೆ, ಒಬ್ಬನೇ ಮನುಷ್ಯ. ಓಡಬೇಕು, ಹಾರಬೇಕು, ಗುಂಡು ಎಸೆಯಬೇಕು, ಕೋಲು ಊರಿ ಮನೆಯ ಮಾಡಿನಷ್ಟು ಮೇಲಕ್ಕೇರಿ ಆಚೆ ಬೀಳಬೇಕು. ಕ್ರಿಕೆಟ್ ತಂಡಕ್ಕೆ ನೀರು ಹೊತ್ತವನ ಹೆಸರೂ ಬಾಯಿಪಾಠ ಇರುವ ಊರಿನಲ್ಲಿ ಇಷ್ಟನ್ನು ತಿಳಿಸಿ ಹೇಳುವಷ್ಟರಲ್ಲಿ ಬಾಯಿ ಒಣಗುತ್ತದೆ.

ಈಗ ಅವನಿಗೆ ಐವತ್ತೆರಡು. ಅತ್ತಾವರದ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಸಹಾಯಕ. ಲಕ್ವ ಹೊಡೆದವರನ್ನು, ಮೊಣಕಾಲು ಬದಲಾಯಿಸಿಕೊಂಡವರನ್ನು ಎಬ್ಬಿಸಿ ನಡೆಸುವುದು ಅವನ ಕೆಲಸ. ಬೀಫಾತಿಮ್ಮ ಎಂಬ ಅಜ್ಜಿ ಕಂಬಿ ಹಿಡಿದು ಒಂಬತ್ತು ಹೆಜ್ಜೆ ಇಟ್ಟು, "ಸಾಕು ಮಾರಾಯ, ಇನ್ನು ನಾಳೆ" ಎಂದರೆ ಇವನು ಕುರ್ಚಿಯನ್ನು ಹಿಂದಕ್ಕೆ ಎಳೆಯುತ್ತಾನೆ.

"ಹತ್ತಾಗದೆ ಕೂತ್ಕೊಳ್ಳಲಿಕ್ಕಿಲ್ಲ ಉಮ್ಮ. ಒಂಬತ್ತಕ್ಕೆ ನಿಲ್ಲಿಸಿದ್ರೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು."

ಏನಾಗುತ್ತದೆ ಎಂದು ಅಜ್ಜಿ ಕೇಳಿದವಳಲ್ಲ. ನಾನು ಹೇಳುತ್ತೇನೆ.

ಕಂಕನಾಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸೆವರಿನ್ ಬೆಳೆದ. ಪೋಲ್‌ವಾಲ್ಟ್ ಕಲಿತದ್ದು ಬಿದಿರಿನ ಗಳದಲ್ಲಿ. ಕಾಲೇಜಿನವರು ಒಂದು ಹಳೆಯ ಫೈಬರ್ ಕೋಲು ಕೊಟ್ಟ ಮೇಲೆ ಅದನ್ನು ಇಡಲು ಮನೆಯಲ್ಲಿ ಜಾಗವೇ ಇಲ್ಲ. ಒಂದು ತುದಿ ಅಡುಗೆಮನೆಯ ಒಲೆಯ ಹಿಂದೆ, ಇನ್ನೊಂದು ಕಿಟಕಿಯಿಂದಾಚೆ ಗೇಟಿನ ತನಕ. ಅಮ್ಮ ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಬೆಂಗಳೂರಿನ ಕ್ರೀಡಾಕೂಟಕ್ಕೆ ಇವನು ಬಸ್ಸಿನಲ್ಲಿ ಹೋದರೆ ಕೋಲು ಮೀನಿನ ಲಾರಿಯ ಮೇಲೆ ಹೋಗುತ್ತಿತ್ತು. ಇಳಿಸಿಕೊಳ್ಳುವಾಗ ಬಂಗುಡೆಯ ವಾಸನೆ. ಉಳಿದ ಹುಡುಗರು ಮೂಗು ಮುಚ್ಚಿ ನಗುತ್ತಿದ್ದರು. ನಕ್ಕವರನ್ನೆಲ್ಲ ಹಿಂದೆ ಹಾಕಿ ಎರಡು ವರ್ಷ ಸಾಲಾಗಿ ರಾಜ್ಯ ಚಾಂಪಿಯನ್ ಆದ.

ಮೂರನೆಯ ವರ್ಷ ಕೂಟ ಮಂಗಳೂರಿನಲ್ಲೇ ಬಂತು. ಆ ಸಲದ ಮೊದಲನೆಯವನಿಗೆ ಕ್ರೀಡಾ ಕೋಟಾದಲ್ಲಿ ಒಂದು ಬ್ಯಾಂಕಿನ ಕೆಲಸ ಕಾದಿತ್ತು. ಎರಡನೆಯ ದಿನ ಮಧ್ಯಾಹ್ನ, ಒಂಬತ್ತು ಸ್ಪರ್ಧೆ ಮುಗಿದಾಗ ಹುಬ್ಬಳ್ಳಿಯ ಹುಡುಗನೊಬ್ಬ ಸೆವರಿನ್‌ಗಿಂತ ಐವತ್ತೆಂಟು ಅಂಕ ಮುಂದಿದ್ದ. ಉಳಿದದ್ದು ಕೊನೆಯದು, ಸಾವಿರದ ಐನೂರು ಮೀಟರ್ ಓಟ. ಅದರಲ್ಲಿ ಐವತ್ತೆಂಟು ಅಂಕ ಎಂದರೆ ಹತ್ತು ಸೆಕೆಂಡು. ಆ ಹುಡುಗನನ್ನು ಸೆವರಿನ್ ಪ್ರತಿ ಸಲವೂ ಅರ್ಧ ನಿಮಿಷದಿಂದ ಸೋಲಿಸಿದ್ದ. ಇದು ಇಬ್ಬರಿಗೂ ಗೊತ್ತಿತ್ತು. ಹುಬ್ಬಳ್ಳಿಯವನು ಆಗಲೇ ಬಂದು ಕೈ ಕುಲುಕಿ ಹೋಗಿದ್ದ.

ಅಷ್ಟರಲ್ಲಿ ಪೆಂಡಾಲಿನವರು ಬಂದರು. ಟ್ರ್ಯಾಕಿನ ಮೇಲೆಯೇ ಕಂಬ ಹುಗಿದರು, ಸೋಫಾ ತಂದಿಟ್ಟರು. ಬಹುಮಾನ ಹಂಚಲು ಮಂತ್ರಿಗಳು ಒಂದು ಗಂಟೆ ಮೊದಲೇ ಬರುತ್ತಾರಂತೆ. ಕೂಟ ನಡೆಸುವ ಅಥ್ಲೆಟಿಕ್ ಸಂಘದ ಕಾರ್ಯದರ್ಶಿ ಯೂಸ್ಟೇಸ್ ರೆಬೆಲ್ಲೊ ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಿದ್ದರು.

"ಸರ್, ಇನ್ನೊಂದು ಉಂಟಲ್ಲ?" ಸೆವರಿನ್ ಕೇಳಿದ.

"ಎಂತ ಉಂಟು? ಮಂತ್ರಿಗಳು ಹೊರಟಾಯ್ತು. ಒಂಬತ್ತು ಆಗಿದೆಯಲ್ಲ, ಒಂದಕ್ಕೆ ಎಂತ ಗಲಾಟೆ ನಿನ್ನದು?"

ಓಟ ನಡೆಯಲಿಲ್ಲ. ಹುಬ್ಬಳ್ಳಿಯವನ ಕೊರಳಿಗೆ ಚಿನ್ನದ ಪದಕ ಬಿತ್ತು. ಅವನು ತಲೆ ತಗ್ಗಿಸಿ, "ಅಣ್ಣಾ, ನಾ ಏನ್ ಮಾಡ್ಲಿ?" ಎಂದ. ಅವನದೇನು ತಪ್ಪು, ಪಾಪ.

ಇಷ್ಟೇ ಆಗಿದ್ದರೆ ಹಣೆಬರಹ ಎನ್ನಬಹುದಿತ್ತು. ಎರಡು ವಾರ ಕಳೆದು ಫಲಿತಾಂಶದ ಪಟ್ಟಿ ಕೈಗೆ ಬಂತು. ಡೆಕಾತ್ಲಾನ್ ಎಂದ ಮೇಲೆ ಹತ್ತು ಆಗಲೇಬೇಕು, ಒಂಬತ್ತಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಅದಕ್ಕೆ ಪುಣ್ಯಾತ್ಮರು ಹತ್ತನೆಯ ಕಲಂ ತುಂಬಿದ್ದರು. ಏಳು ಜನ ಸ್ಪರ್ಧಿಗಳು, ಏಳು ಜನರ ಮುಂದೆಯೂ ನಾಲ್ಕು ನಿಮಿಷ ಐವತ್ತು ಸೆಕೆಂಡು! ಕಳ್ಳತನ ಮಾಡುವವನಿಗೂ ಒಂದಿಷ್ಟು ನಾಚಿಕೆ ಇರುತ್ತದೆ, ಏಳು ಬೇರೆ ಬೇರೆ ಅಂಕಿ ಬರೆಯುವಷ್ಟಾದರೂ ಕಷ್ಟಪಡುತ್ತಾನೆ. ಇವರಿಗೆ ಅದಕ್ಕೂ ಉದಾಸೀನ. ಸೆವರಿನ್ ಸಂಘದ ಕಚೇರಿಯ ಮೆಟ್ಟಿಲು ಹತ್ತಿಳಿದು ಚಪ್ಪಲಿ ಸವೆಸಿದ. ಪತ್ರ ಬರೆದ. ಉತ್ತರವೇ ಇಲ್ಲ. ಹುಬ್ಬಳ್ಳಿಯವನು ಬ್ಯಾಂಕಿಗೆ ಹೋದ, ಇವನು ಆಸ್ಪತ್ರೆ ಸೇರಿದ, ಅಲ್ಲಿಯ ನರ್ಸ್ ವಿನಿಫ್ರೆಡ್‌ಳನ್ನು ಮದುವೆಯಾದ. ಪಟ್ಟಿ ಮಾತ್ರ ಕಪಾಟಿನಲ್ಲಿ, ಮದುವೆಯ ಫೋಟೋಗಳ ಅಡಿಯಲ್ಲಿ, ಹಾಗೆಯೇ ಉಳಿಯಿತು.

ಇಪ್ಪತ್ತೆಂಟು ವರ್ಷದ ಮೇಲೆ, ಹೋದ ಡಿಸೆಂಬರಿನಲ್ಲಿ ರೆಬೆಲ್ಲೊ ಅವರಿಂದ ಫೋನು ಬಂತು. ಈಗ ಅವರು ಸಂಘದ ಅಧ್ಯಕ್ಷರು. ಸಂಘಕ್ಕೆ ಐವತ್ತು ತುಂಬಿತಂತೆ, ಕೂಟದ ಕೊನೆಯ ದಿನ ಹಳೆಯ ಚಾಂಪಿಯನ್‌ಗಳಿಗೆ ಸನ್ಮಾನವಂತೆ.

"ಬರ್ತೇನೆ ಸರ್," ಎಂದ ಸೆವರಿನ್. "ನಿಮ್ಮ ಸ್ಮರಣ ಸಂಚಿಕೆಯಲ್ಲಿ ಹಳೆ ರಿಸಲ್ಟ್ ಹಾಕ್ತೀರಲ್ಲ, ಆ ವರ್ಷದ ಸಾವಿರದೈನೂರರ ಎದುರು 'ಓಡಿಸಲಿಲ್ಲ' ಅಂತ ಹಾಕಿ. ನನಗೆ ಅಷ್ಟು ಸಾಕು."

"ಅದೆಲ್ಲ ಹಳೆ ಕಥೆ ಮಾರಾಯ. ಬಾ, ಶಾಲು ಹಾಕಿಸ್ಕೊ. ಊಟ ಉಂಟು."

ಊಟ ಉಂಟಂತೆ! ಇಪ್ಪತ್ತೆಂಟು ವರ್ಷ ಈ ಮನುಷ್ಯ ಊಟವಿಲ್ಲದೆ ಕೂತಿದ್ದ ನೋಡಿ. ಸೆವರಿನ್ ಆ ಪಟ್ಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ಬಿಪಿ ಮಾತ್ರೆ ತೆಗೊಂಡು ಹೋಗು ಸೆವರಿ," ಎಂದಳು ವಿನಿಫ್ರೆಡ್, "ಆದ್ರೆ ಹೇಳ್ಲಿಕ್ಕೆ ಇರುವುದನ್ನು ನುಂಗ್ಬೇಡ."

ಮೈದಾನಕ್ಕೆ ಹೋಗಿ ನೋಡಿದರೆ ವೇದಿಕೆ ಹುಲ್ಲಿನ ಮೇಲಿತ್ತು, ಸರಿ. ಆದರೆ ಗಣ್ಯರ ಮನೆಯವರಿಗೆಂದು ಇಟ್ಟ ಸೋಫಾಗಳು ಕೆಂಪು ಕಾರ್ಪೆಟ್ಟಿನ ಸಮೇತ ಟ್ರ್ಯಾಕಿನ ಮೊದಲ ಮೂರು ಲೇನುಗಳ ಮೇಲೆ ಸಾಲಾಗಿದ್ದವು. ಪಕ್ಕದಲ್ಲಿ ಎಂಟು ಹುಡುಗರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯಲ್ಲಿ ಸುಣ್ಣದ ಗುರುತು, ಅಂಗೈಯಲ್ಲಿ ಜಾವೆಲಿನ್ ಹಿಡಿದ ಬೊಬ್ಬೆ. ಕೇಳದೆಯೇ ಅವನಿಗೆ ತಿಳಿಯಿತು. ಆದರೂ ಕೇಳಿದ.

"ಡೆಕಾತ್ಲಾನಾ?"

"ಹೌದು ಸರ್. ಫಿಫ್ಟೀನ್ ಹಂಡ್ರೆಡ್ ಬಾಕಿ ಉಂಟು. ಫಂಕ್ಷನ್ ಲೇಟಾಗ್ತದಂತೆ, ಹಾಗೆ ಕ್ಯಾನ್ಸಲ್ ಅಂತೆ. ಟೈಮ್ ಅವರೇ ಹಾಕಿ ಕೊಡ್ತಾರಂತೆ."

ಸೆವರಿನ್‌ನ ಕಿವಿ ಬಿಸಿಯಾಯಿತು. ಟೈಮ್ ಅವರೇ ಹಾಕಿ ಕೊಡುತ್ತಾರೆ! ಆ ಮೇಲೆ ಅವನಿಗೆ ಮಾತ್ರೆಯ ನೆನಪಾಗಲಿಲ್ಲ.

ಹೆಸರು ಕರೆದರು. ವೇದಿಕೆ ಹತ್ತಿದ. ಶಾಲು ಹಿಡಿದು ಬಂದ ರೆಬೆಲ್ಲೊ ಅವರನ್ನು ದಾಟಿ ನೇರ ಮೈಕಿನ ಹತ್ತಿರ ಹೋಗಿ ಪಟ್ಟಿ ಬಿಡಿಸಿದ.

"ಇದು ನಿಮ್ಮ ಸಂಘದ್ದೇ ರಿಸಲ್ಟ್. ನಾವು ಏಳು ಜನ ಸಾವಿರದೈನೂರು ಮೀಟರ್ ಓಡಿ ಒಟ್ಟಿಗೆ ಬಂದದ್ದಂತೆ, ಏಳು ಜನರದ್ದೂ ನಾಲ್ಕು ನಿಮಿಷ ಐವತ್ತು ಸೆಕೆಂಡು. ಹಾಗಾದ್ರೆ ಉಳಿದ ಆರು ಶಾಲು ಎಲ್ಲಿ ಸರ್?"

ಜನ ತಮಾಷೆ ಎಂದು ನಕ್ಕರು. ರೆಬೆಲ್ಲೊ ನಗಲಿಲ್ಲ. ನಗು ನಿಲ್ಲುವ ತನಕ ಸೆವರಿನ್ ಕಾದ.

"ನಾವು ಓಡ್ಲೇ ಇಲ್ಲ. ಅವತ್ತು ಸೋಫಾ ಅಡ್ಡ ಇತ್ತು. ಇವತ್ತೂ ಅಡ್ಡ ಉಂಟು. ಆ ಎಂಟು ಹುಡುಗರು ಓಡದೆ ನಾನು ಶಾಲು ಹಾಕಿಸ್ಕೊಳ್ಳುವುದಿಲ್ಲ."

ಮೈಕು ಸತ್ತಿತು. ಯಾರು ಕೊಂದರೋ. ಬೇಕಾಗಿಯೂ ಇರಲಿಲ್ಲ. ಸೆವರಿನ್ ಕೆಳಗಿಳಿದು ಮೊದಲ ಸೋಫಾದ ಮುಂದೆ ನಿಂತ. ಅದರಲ್ಲಿ ಸಮಿತಿಯ ಮೂವರು ಜ್ಯೂಸ್ ಹಿಡಿದು ಕೂತಿದ್ದರು. ಅವನು ಗದರಲಿಲ್ಲ. ಇಪ್ಪತ್ತೈದು ವರ್ಷದಿಂದ ವಾರ್ಡಿನಲ್ಲಿ ಆಡಿದ ಅದೇ ದನಿಯಲ್ಲಿ ಹೇಳಿದ.

"ಕೈ ಮೊಣಕಾಲಿನ ಮೇಲೆ ಇಡಿ. ಸ್ವಲ್ಪ ಮುಂದೆ ಬಾಗಿ. ಹಾಂ, ಈಗ ಏಳಿ."

ಆ ದನಿಗೆ ಏಳದವರಿಲ್ಲ. ಮೂವರೂ ಎದ್ದರು. ಪಕ್ಕದವರೂ ಎದ್ದರು. ಅವನು ಸೋಫಾದ ಒಂದು ತುದಿ ಎತ್ತಿದ. ಇನ್ನೊಂದು ತುದಿಗೆ ಎಂಟೂ ಹುಡುಗರು ಓಡಿ ಬಂದರು.

"ನೀನು ಇನ್ನು ಈ ಮೈದಾನಕ್ಕೆ ಕಾಲಿಡುವ ಹಾಗಿಲ್ಲ!" ರೆಬೆಲ್ಲೊ ಮೇಲಿನಿಂದ ಕೂಗಿದರು.

"ಬೇಡ ಸರ್. ಕಾಲಿಡ್ಲಿಕ್ಕೆ ಅವರಿದ್ದಾರೆ," ಎಂದು ಸೆವರಿನ್ ಕಾರ್ಪೆಟ್ ಸುತ್ತತೊಡಗಿದ.

ಗಣ್ಯರು ಮುಖ ಬಿಗಿದುಕೊಂಡು ಕಾರು ಹತ್ತಿದರು. ಶಾಲು ಯಾರ ಹೆಗಲಿಗೂ ಬೀಳದೆ ಮೇಜಿನ ಮೇಲೆ ಉಳಿಯಿತು. ಸ್ಟಾರ್ಟರ್ ಮುದುಕ, ನಿವೃತ್ತಿಗೆ ಹತ್ತಿರವಾದವನು, "ಹೆಚ್ಚೆಂದ್ರೆ ಎಂತ ಮಾಡ್ತಾರೆ?" ಎಂದು ಪಿಸ್ತೂಲು ತುಂಬಿದ. ಸೆವರಿನ್ ಕಿಸೆಯಿಂದ ರೋಗಿಗಳ ನಡಿಗೆ ಅಳೆಯುವ ಆಸ್ಪತ್ರೆಯ ಸ್ಟಾಪ್‌ವಾಚ್ ತೆಗೆದು ಗೆರೆಯ ಬಳಿ ನಿಂತ.

ಗೆದ್ದವನದು ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡಿನ ಆಸುಪಾಸು. ಒಬ್ಬೊಬ್ಬರು ಗೆರೆ ದಾಟಿದಾಗಲೂ ಸೆವರಿನ್ ಕೂಗಿ ಹೇಳಿದ, ಸಂಘದ ಗುಮಾಸ್ತೆ ಆನ್ಸಿ ಬರೆದುಕೊಂಡಳು. ಕೊನೆಯ ಹುಡುಗ ತುಂಬ ಹಿಂದೆ ಬಿದ್ದಿದ್ದ. ಅವನಿಗೆ ಪದಕವೂ ಇಲ್ಲ, ಕೆಲಸವೂ ಇಲ್ಲ. ಅರ್ಧ ಮೈದಾನ ಖಾಲಿಯಾಗಿತ್ತು. ಅವನು ಕಾಲೆಳೆಯುತ್ತ ಬಂದು ಗೆರೆ ದಾಟಿ ಅಲ್ಲೇ ಮಕಾಡೆ ಬಿದ್ದ.

"ಐದು ನಿಮಿಷ ಮೂವತ್ತೊಂದು ಪಾಯಿಂಟ್ ನಾಲ್ಕು," ಎಂದ ಸೆವರಿನ್.

ಆನ್ಸಿ ಐದು ನಿಮಿಷ ಮೂವತ್ತೊಂದು ಎಂದು ಬರೆದು ಹಾಳೆ ಮಡಚಲು ಹೊರಟಳು.

"ಪಾಯಿಂಟ್ ನಾಲ್ಕು ಬಿಡ್ಬೇಡಿ ಮೇಡಂ," ಎಂದು ಅವನು ಹಾಳೆಯ ಮೇಲೆ ಬೆರಳಿಟ್ಟ. "ಅದನ್ನೂ ಅವನೇ ಓಡಿದ್ದು."