ಕಾಕು ಕೇಳಿ ಪಡೆದ ಒಂದು ವರ್ಷ

ಮೊನ್ನೆ ದೀಪದ ಬತ್ತಿಯ ಪೊಟ್ಟಣ ಬಿಚ್ಚಿದಾಗ ಹತ್ತಿಯ ವಾಸನೆ ಬಂತು. ಹೇಳಿಕೊಳ್ಳುವಂಥ ವಾಸನೆಯೇನಲ್ಲ, ಒಂದಿಷ್ಟು ಧೂಳು, ಒಂದಿಷ್ಟು ಬಿಸಿಲು... ಆದರೂ ಹಿರೇಕೆರೂರಿನ ಪಕ್ಕದ ಮನೆಯ ಪಡಸಾಲೆ ಕಣ್ಣಮುಂದೆ ಬಂತು. ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಕೂತ ಕಾಕು ಕಂಡರು. ಚಿಕ್ಕಮ್ಮನನ್ನು ಕರೆದಂತೆ ನಾನು ಅವರನ್ನು ಕಾಕು ಎನ್ನುತ್ತಿದ್ದೆ.

ಅವರದು ಆಚಾರ್ಯರ ಮನೆತನ. ಯಜಮಾನರು ಸರಕಾರಿ ಗುಮಾಸ್ತರು. ಮನೆ ತುಂಬ ಪುಸ್ತಕಗಳು, ಮಕ್ಕಳಿಲ್ಲ. ನಮ್ಮದು ಒಕ್ಕಲುತನದ ಮನೆ. ನಡುವೆ ಒಂದೇ ಗೋಡೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತುಂಟಿಯಲ್ಲ. ತರಗತಿಯಲ್ಲಿ ಸುಮ್ಮನೇ ಕೂತಿರುತ್ತಿದ್ದೆ, ಮನಸ್ಸು ಮಾತ್ರ ರಸ್ತೆಯ ಚಕ್ಕಡಿಯ ಹಿಂದೆ ಸಂತೆಗೆ ಹೋಗಿರುತ್ತಿತ್ತು. ಗದ್ದಲ ಮಾಡುವ ಹುಡುಗರು ಮಾಸ್ತರರ ಕಣ್ಣಿಗೆ ಬೀಳುತ್ತಿದ್ದರು, ನಾನು ಬೀಳಲೇ ಇಲ್ಲ. ಮನೆಯಲ್ಲಿ ಮಾತ್ರ ದಿನಾ ಸಿಕ್ಕಿಬೀಳುತ್ತಿದ್ದೆ. ಕಣ್ಣೆದುರೇ ಹಾಲು ಉಕ್ಕಿಹೋಗುತ್ತಿತ್ತು. ನೀರಿಗೆ ಹೋದವಳು ಕೊಡವನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಬರುತ್ತಿದ್ದೆ. "ಹೆಣ್ಣುಮಗಳಿಗೆ ಇಷ್ಟ ಮರವು ಇದ್ರ ಹೆಂಗವಾ," ಎಂದು ಅವ್ವ ಅಳುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಹತ್ತನೆಯ ತರಗತಿಯಲ್ಲಿ ಫೇಲಾದೆ. ಇತಿಹಾಸದ ಪ್ರಶ್ನೆಪತ್ರಿಕೆಯ ಹಿಂಬದಿಯನ್ನು ತಿರುಗಿಸಿಯೇ ನೋಡಿರಲಿಲ್ಲ. "ಇನ್ನ ಸಾಕು," ಎಂದ ಅಪ್ಪ. "ಚಿಕ್ಕೇರೂರವ್ರು ಕೇಳಾಕತ್ತಾರ. ಕೊಟ್ಟ ಬಿಡ್ತೇನಿ."

ಗೋಡೆಯಾಚೆ ಅದು ಕೇಳಿಸಿರಬೇಕು. ಎಂದೂ ನಮ್ಮ ಅಂಗಳಕ್ಕೆ ಬಾರದ ಕಾಕು ಅಂದು ಬಂದು ನಿಂತರು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ಒಂದ ವರ್ಷ ತಡೀರಿ, ಗೌಡ್ರ. ಹುಡುಗಿ ದಡ್ಡ ಇಲ್ಲ. ನಾ ಓದಸ್ತೇನಿ."

"ನಿಮಗ್ಯಾಕ್ರಿ ತ್ರಾಸು," ಎಂದ ಅಪ್ಪ.

"ತ್ರಾಸಲ್ಲ. ಆ ಒಂದ ವರ್ಷ ನನಗ ಯಾರೂ ಕೊಡಲಿಲ್ಲ."

"ಆತ್ರಿ," ಎಂದ ಅಪ್ಪ.

ಮೊದಲ ದಿನ ಕಾಕು ನನ್ನ ಕೈಯ ಪುಸ್ತಕ ತೆಗೆದುಕೊಂಡು ಹತ್ತಿ ಕೊಟ್ಟರು. "ನೀ ಬತ್ತಿ ಹೊಸಿ. ನಾ ಓದ್ತೇನಿ." ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿದರು. ನನಗೆ ಎಲ್ಲವೂ ನೆನಪಿತ್ತು... ಗಾಬರಿಯಾಗಿ ಅತ್ತುಬಿಟ್ಟೆ.

"ನಂದೂ ಹಿಂಗ," ಎಂದರು. "ಕೈ ಸುಮ್ಮನಿದ್ರ ತಲಿ ಎಲ್ಲೆಲ್ಲೋ ಹೋಗ್ತದ. ಏಳನೇತ್ತೆಕ್ಕ ಸಾಲಿ ಬಿಡಿಸಿದ್ರು. ನಾ ಮಂದಬುದ್ಧಿಯಾಕಿ ನೋಡು." ನಗುತ್ತಲೇ ಹೇಳಿದರು. ತಲೆಯ ಮೇಲೇ ಇದ್ದ ಕನ್ನಡಕವನ್ನು ಆಗಲೂ ಹುಡುಕುತ್ತಿದ್ದರು.

ವರ್ಷಪೂರ್ತಿ ನಾನು ಹೊಸೆದ ಬತ್ತಿಗಳೇ ಅವರ ದೇವರ ಮುಂದೆ ಉರಿದವು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಯಜಮಾನರಿಗೆ ಗೊತ್ತಿತ್ತೋ ಇಲ್ಲವೋ... ಏನೂ ಅನ್ನಲಿಲ್ಲ. ಪರೀಕ್ಷೆಯ ದಿನ ಕಾಕು ನನ್ನ ಅಂಗೈ ಮೇಲೆ ಶಾಯಿಯಲ್ಲಿ 'ತಿರುಗಿಸು' ಎಂದು ಬರೆದು ಕಳಿಸಿದರು. ಪಾಸಾದೆ.

ಅದೇ ವರ್ಷ ಯಜಮಾನರಿಗೆ ಸವಣೂರಿಗೆ ವರ್ಗವಾಯಿತು. ಬಸ್ಸು ಹೊರಡುವಾಗ, "ಪತ್ರ ಬರಿ, ಮರೀಬ್ಯಾಡ," ಎಂದ ಕಾಕು ತಾವೇ ನಕ್ಕರು. "ಯಾರಿಗೆ ಹೇಳಾಕತ್ತೇನಿ ನಾ!"

ಮುಂದೆ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ದಿನವೇ ನಾಲ್ಕು ಪುಟ ಬರೆದೆ. ಉತ್ತರ ಬರಲಿಲ್ಲ. ಮುನಿಸಿಕೊಂಡು ಮತ್ತೆ ಬರೆಯಲಿಲ್ಲ. ಎರಡು ವರ್ಷದ ಮೇಲೆ ಹಳೆಯ ಪುಸ್ತಕವೊಂದರಲ್ಲಿ ಆ ಲಕೋಟೆ ಸಿಕ್ಕಿತು. ವಿಳಾಸ ಬರೆದಿದ್ದೆ, ಅಂಚೆಚೀಟಿ ಹಚ್ಚಿದ್ದೆ. ಡಬ್ಬಿಗೆ ಹಾಕಿರಲಿಲ್ಲ.

ಮರುದಿನವೇ ಅದನ್ನು ಹಿಡಿದು ಸವಣೂರಿಗೆ ಹೋದೆ. ಯಜಮಾನರು ಬಾಗಿಲು ತೆರೆದರು. ಕಾಕು ಹೋಗಿ ಆರು ತಿಂಗಳಾಗಿತ್ತು.

"ಪತ್ರ ಬಂತೇನು ಅಂತ ಕೇಳ್ತಿದ್ಲು," ಎಂದರು. "'ಮರತಿರಬೇಕು ಬಿಡ್ರಿ, ನನ್ನಂಥಾಕಿನ ಆಕಿ' ಅಂತ ನಗ್ತಿದ್ಲು." ಪತ್ರವನ್ನು ಹೊಸ್ತಿಲಲ್ಲಿ ನಿಂತೇ ನಾಲ್ಕೂ ಪುಟ ಓದಿದರು.

ಈಗ ನನ್ನ ಮೊಮ್ಮಗಳಿಗೆ ಹತ್ತು ವರ್ಷ. ಶಾಲೆಯವರ ದೂರು ಕೇಳಿ ಕೇಳಿ ಮಗಳು ಅವಳನ್ನು ವೈದ್ಯರ ಬಳಿ ಕರೆದೊಯ್ದಳು. ನಾನೂ ಹೋಗಿದ್ದೆ. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ, ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ತೊಂದರೆ, ಸುಮ್ಮನೆ ಕೂರುವ ಹೆಣ್ಣುಮಕ್ಕಳಲ್ಲಿ ಬೇಗ ಗೊತ್ತಾಗುವುದಿಲ್ಲ ಎಂದರು ವೈದ್ಯರು. ಮನೆಯಲ್ಲಿ ಮತ್ತೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು.

"ನನಗೆ," ಎಂದೆ. ಮತ್ತೆ, "ನಮ್ಮ ಕಾಕೂಗೂ ಇತ್ತು," ಎಂದೆ. ಅವರು ಬರೆದುಕೊಂಡರು. ರಕ್ತಸಂಬಂಧವಲ್ಲ ಎಂದು ತಿದ್ದಲು ಮನಸ್ಸಾಗಲಿಲ್ಲ.

ನಾನು ದಡ್ಡಿಯಲ್ಲ ಎಂದು ಇಡೀ ಊರಲ್ಲಿ ಮೊದಲು ಹೇಳಿದವರು ಕಾಕು. ಅದೇ ಮಾತನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನಾನು ಹೇಳಬಹುದಿತ್ತು... ನನಗೆ ತಿಳಿಯುವ ಹೊತ್ತಿಗೆ ಅವರಿರಲಿಲ್ಲ.