ಗಂಡ ಹಿಡಿದ ಬೈಕು, ಕಬ್ಬಿಣ ಹಿಡಿದ ಬೈಕು

"ಯಾವ ಎಮ್ಮೆ ಒದೀತ್ರಿ ಮೇಡಂ?"

ಕಳೆದ ತಿಂಗಳು ಪೂರ್ತಿ ನನಗೆ ಇದೇ ಪ್ರಶ್ನೆ. ಬಲಗೈ ನಡುಬೆರಳಿಗೆ ಬ್ಯಾಂಡೇಜು, ಅದರ ಕೆಳಗೆ ಕಪ್ಪಗಾದ ಉಗುರು. ನನ್ನ ಕೆಲಸ ಪಶುವೈದ್ಯೆಯದು. ಅಂದಮೇಲೆ ಜನ ಇನ್ನೇನು ಕೇಳುತ್ತಾರೆ? ಆಸ್ಪತ್ರೆಗೆ ಬಂದವರು ಕೇಳಿದರು, ಬಸ್ ಸ್ಟ್ಯಾಂಡಿನ ಹೂವಿನವಳು ಕೇಳಿದಳು, ಕೊನೆಗೆ ಜವನಗೊಂಡನಹಳ್ಳಿಯಿಂದ ನಮ್ಮಮ್ಮ ಫೋನ್ ಮಾಡಿ ಅದನ್ನೇ ಕೇಳಿದರು.

ಎಮ್ಮೆಯಲ್ಲ ಸ್ವಾಮಿ, ಬೈಕು. ಅದನ್ನು ಹಿಡಿದುಕೊಂಡಿದ್ದವರು ನನ್ನ ಗಂಡ.

(ಇದನ್ನು ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿದೆ. "ಬರಿ, ಹೆಸರೊಂದು ಹಾಕ್ಬ್ಯಾಡ" ಅಂದರು. ಹಾಗಾಗಿ ಅವರ ಹೆಸರು ತಿಪ್ಪೇಸ್ವಾಮಿ ಅಂತ ನಾನು ಎಲ್ಲೂ ಬರೆಯುವುದಿಲ್ಲ.)

ಹೊಸದುರ್ಗದ ಸುತ್ತಲಿನ ಹಳ್ಳಿಗಳಿಗೆ ನಾನು ಓಡಾಡುವುದು ಬೈಕಿನಲ್ಲೇ. ಮೊದಲು ಸ್ಕೂಟರ್ ಇತ್ತು. ಬಾಗೂರಿನ ಕಡೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಅದರ ಪುಟ್ಟ ಚಕ್ರಕ್ಕೆ ಎರೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲಾಡುತ್ತಿರಲಿಲ್ಲ. ಅತ್ತ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದರೆ, ಇತ್ತ ಡಾಕ್ಟರಮ್ಮ ಮಡ್‌ಗಾರ್ಡಿಗೆ ಕಡ್ಡಿ ಹಾಕಿ ಮಣ್ಣು ಕೀಳುತ್ತಾ ಕೂತರೆ ಹೇಗೆ? ಹಾಗಾಗಿ ದೊಡ್ಡ ಚಕ್ರದ ಬೈಕು ತಗೊಂಡೆ. ಸೀರೆ ಉಡುವ ಹೆಂಗಸರು ಬೈಕು ಓಡಿಸುವುದೇ ಅಂತ ಕೆಲವರು ಕೇಳಿದರು. ಸೀರೆ ಉಟ್ಟು ಎಮ್ಮೆಯ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಹಾಕುವುದಿಲ್ಲ ನಾನು, ಬೈಕಿಗೂ ಅದೇ ಪ್ಯಾಂಟು ಅಂದೆ. ಆಮೇಲೆ ಯಾರೂ ಕೇಳಲಿಲ್ಲ.

ಗಾಡಿ ಬಂಗಾರದಂಥದ್ದು. ಒಂದೇ ಕೊರತೆ, ಅದಕ್ಕೆ ಸೈಡ್ ಸ್ಟ್ಯಾಂಡ್ ಬಿಟ್ಟರೆ ಬೇರೆ ಗತಿಯಿಲ್ಲ. ನಮ್ಮ ಅಪ್ಪನ ಕಾಲದ ಬೈಕುಗಳಿಗೆಲ್ಲ ನಡುವೆ ಗಟ್ಟಿಯಾದ ಡಬಲ್ ಸ್ಟ್ಯಾಂಡ್ ಇರುತ್ತಿತ್ತು. ಕಾಲಲ್ಲಿ ಒತ್ತಿ ಹಿಂದಕ್ಕೆ ಎಳೆದರೆ ಹಿಂದಿನ ಚಕ್ರ ನೆಲ ಬಿಡುತ್ತಿತ್ತು. ಈಗ ಬಹಳ ಬೈಕುಗಳಲ್ಲಿ ಅದು ಮಾಯ. ನನ್ನ ಮಾಡೆಲ್‌ಗೆ ಆಮೇಲೆ ಹಾಕಿಸೋಣ ಅಂದರೂ ಸಿಗುವುದಿಲ್ಲ.

ಸ್ಟ್ಯಾಂಡ್ ಇಲ್ಲದಿದ್ದರೆ ಏನು ಗಂಟು ಹೋಯಿತು ಅಂತೀರಾ? ಚೈನು ಹೋಯಿತು. ನಮ್ಮ ಕಡೆ ಗಾಳಿಗೂ ಬರವಿಲ್ಲ, ಧೂಳಿಗೂ ಬರವಿಲ್ಲ. ವಾರ ಕಳೆಯುವಷ್ಟರಲ್ಲಿ ಚೈನು ಒಣಗಿ ಕಿರಗುಡಲು ಶುರು. ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ, ಎಣ್ಣೆ ಬಿಡಬೇಕು. ಅದಕ್ಕೆ ಹಿಂದಿನ ಚಕ್ರ ನೆಲದಿಂದ ಮೇಲೆದ್ದು ತಿರುಗಬೇಕು. ಗ್ಯಾರೇಜಿಗೆ ಬಿಡಬಹುದಲ್ಲ? ಬಿಡಬಹುದು. ಬಿಟ್ಟ ದಿನವೇ ಯಾರದೋ ಹಸುವಿಗೆ ಹೊಟ್ಟೆ ಉಬ್ಬರಿಸುತ್ತದೆ, ಇದು ನನ್ನ ಅನುಭವ.

"ನಾನಿಲ್ವೇನೆ? ಹಿಡ್ಕಂತೀನಿ ಬಿಡು" ಅಂದರು ಯಜಮಾನರು.

ನಮ್ಮ ಕಡೆ ಎಲ್ಲರೂ ಮಾಡುವ ವಿಧಾನವೇ. ಒಬ್ಬರು ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ತಮ್ಮ ಕಡೆ ವಾಲಿಸಿಕೊಂಡು ನಿಲ್ಲುವುದು, ಹಿಂದಿನ ಚಕ್ರ ಎರಡು ಬೆರಳು ಮೇಲೇಳುತ್ತದೆ. ಇನ್ನೊಬ್ಬರು ಕುಕ್ಕರಗಾಲಲ್ಲಿ ಕೂತು ಚಕ್ರ ತಿರುಗಿಸುತ್ತಾ ಚೈನು ಒರೆಸುವುದು. ಇಂಜಿನ್ ಆಫ್ ಇತ್ತು. ನನ್ನ ಎಡಗೈ ಚಕ್ರದ ಮೇಲೆ, ಬಲಗೈ ಬಟ್ಟೆ ಸಮೇತ ಚೈನಿನ ಮೇಲೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಒಂದು ಕೈ ಬಿಟ್ಟರು. ಒಂದೇ ಕೈಯಲ್ಲಿ ಆ ತೂಕ ನಿಲ್ಲುತ್ತದೆಯೇ? ಬೈಕು ವಾಪಸ್ ಬಂತು, ಚಕ್ರ ನೆಲಕ್ಕೆ ಬಡಿದು ಒಂದಿಷ್ಟು ಮುಂದಕ್ಕೆ ಉರುಳಿತು. ಚೈನು ಬಟ್ಟೆಯನ್ನೂ ಬೆರಳನ್ನೂ ಸೇರಿಸಿ ಹಲ್ಲುಚಕ್ರದ ಕಡೆ ಎಳೆಯಿತು.

ಬಟ್ಟೆ ದಪ್ಪಗಿತ್ತು, ಬೆರಳು ಉಳಿಯಿತು. ನಾನು ಕಿರುಚಿದ್ದು ಬೀದಿಗೇ ಕೇಳಿಸಿತು.

ಅಂದಹಾಗೆ ಆ ಫೋನು ಯಾರದ್ದು ಗೊತ್ತೇ? "ಪರ್ಸನಲ್ ಲೋನ್ ಬೇಕಾ ಸಾರ್?"

ಗಾಯಕ್ಕಿಂತ ಹೆಚ್ಚು ಭಯವಾಗಿದ್ದು ಆಮೇಲೆ, ಬೆರಳು ತೊಳೆಯುತ್ತಾ ನಿಂತಾಗ. ನನಗೆ ಬಂಡವಾಳ ಅಂತ ಇರುವುದು ಇವೆರಡು ಕೈ. ಗಬ್ಬ ನೋಡುವುದು, ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವಿನ ಕಾಲು ಹುಡುಕುವುದು, ಎಲ್ಲ ಬೆರಳಿನ ತುದಿಯ ಕೆಲಸ. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳು ಹೋದ ಡಾಕ್ಟರು ಆಸ್ಪತ್ರೆಯಲ್ಲಿ ಕೂತು ಔಷಧದ ಚೀಟಿ ಬರೆಯಬೇಕಷ್ಟೇ. ಅದು ನನ್ನ ಕೈಲಾಗದ ಮಾತು.

ಆವತ್ತೇ ಹೇಳಿದೆ. ಇನ್ನು ಮೇಲೆ ಕಬ್ಬಿಣ ಹಿಡಿದರೆ ಮಾತ್ರ ನಾನು ಕೈ ಹಾಕುವುದು.

ಇದು ಸಿಟ್ಟಿನ ಮಾತಲ್ಲ, ವೃತ್ತಿಯ ಮಾತು. ಪಶು ಆಸ್ಪತ್ರೆಯ ಮುಂದೆ ಕಬ್ಬಿಣದ ಪೈಪಿನ ಚೌಕಟ್ಟು ಇರುವುದನ್ನು ನೀವು ನೋಡಿರುತ್ತೀರಿ. ನಾವು ಅದನ್ನು ಟ್ರೆವಿಸ್ ಅನ್ನುತ್ತೇವೆ. ದನವನ್ನು ಒಳಗೆ ನಿಲ್ಲಿಸಿ ಹಿಂದೆ ಅಡ್ಡ ಪೈಪು ತಳ್ಳಿದರೆ ಅದೂ ಕ್ಷೇಮ, ನಾನೂ ಕ್ಷೇಮ. ಆದರೆ ದನ ತಂದವರಿಗೆ ಅದೆಂದರೆ ಅಲರ್ಜಿ. "ಅದ್ಯಾಕ್ರಿ ಮೇಡಂ, ನಾವು ನಾಕು ಜನ ಇದೀವಿ, ಹಿಡ್ಕಂತೀವಿ. ನೀವು ಕೈ ಹಾಕ್ರಿ" ಅನ್ನುತ್ತಾರೆ. ನಾಲ್ಕೂ ಜನ ಹಿಡಿಯುತ್ತಾರೆ, ನಿಜ. ಎಮ್ಮೆ ಕಾಲೆತ್ತಿದ ಕೂಡಲೇ ನಾಲ್ಕೂ ಜನ ಹಾರುತ್ತಾರೆ. ಅಲ್ಲಿ ಉಳಿಯುವವಳು ಒಬ್ಬಳೇ. ಓಡೋಣವೆಂದರೆ ಅವಳ ಕೈ ಒಳಗಿರುತ್ತದೆ!

ಪ್ರೀತಿ ಇಲ್ಲವೆಂದಲ್ಲ. ಆ ನಾಲ್ವರಿಗೂ ನನ್ನ ಮೇಲೆ ಗೌರವವಿದೆ, ನನ್ನ ಗಂಡನಿಗಂತೂ ನನ್ನ ಮೇಲೆ ಜೀವ. ಆದರೆ ಕಬ್ಬಿಣಕ್ಕೆ ಫೋನ್ ಬರುವುದಿಲ್ಲ ನೋಡಿ.

"ನನ್ನನ್ನ ಪೈಪಿನ ಜತೆ ಹೋಲಿಸ್ತೀಯಲ್ಲೇ" ಅಂತ ಮುಖ ಊದಿಸಿಕೊಂಡರು.

"ಹೋಲಿಸಿಲ್ಲ ರೀ. ಪೈಪು ಮೇಲು ಅಂದೆ."

ಸ್ಟ್ಯಾಂಡ್ ತರುವುದು ಅಂತ ತೀರ್ಮಾನವಾಯಿತಲ್ಲ, ಸಲಹೆಗಳು ಬಂದವು. ಪಕ್ಕದ ಮನೆಯ ಓಂಕಾರಪ್ಪನವರು ತಾಲ್ಲೂಕು ಕಚೇರಿಯಿಂದ ರಿಟೈರ್ ಆದವರು. ಕಾಂಪೌಂಡಿನಾಚೆಯಿಂದಲೇ ಪರಿಹಾರ ಎಸೆದರು. "ಡಾಕ್ಟ್ರಮ್ಮ, ದುಡ್ಡು ಯಾಕೆ ಹಾಳ್ಮಾಡ್ತೀಯ? ಒಂದು ಗುದ್ಲಿ ಕಾವು ತಗಂಡು ಆ ಕಡೆಯಿಂದ ಒತ್ತುಗೊಡು, ಈ ಕಡೆ ಸೈಡ್ ಸ್ಟ್ಯಾಂಡ್ ಐತೆ. ಗಾಡಿ ಬಂಡೆ ನಿಂತಂಗೆ ನಿಲ್ತೈತೆ." ನಿಲ್ಲುತ್ತದೆ, ನಾನೂ ನೋಡಿದ್ದೇನೆ. ಬೆಕ್ಕು ಓಡಿಬಂದು ಆ ಕೋಲಿಗೆ ಮೈ ತಾಗಿಸುವವರೆಗೆ.

ನನ್ನ ಮೈದುನ ಪ್ರಕಾಶ ಇರುವುದು ಹಿರಿಯೂರಿನಲ್ಲಿ. ಅವನದು ಇನ್ನೊಂದು ತುದಿ. "ಅತ್ತಿಗೆ, ತಗಂಡ್ರೆ ಹೈಡ್ರಾಲಿಕ್ ಲಿಫ್ಟೇ ತಗಳ್ರಿ. ಶೋರೂಮ್‌ನಾಗೆ ಇರ್ತೈತಲ್ಲ ಅದು. ಪೆಡಲ್ ತುಳಿದ್ರೆ ಗಾಡಿ ಎದೆ ಮಟ್ಟಕ್ಕೆ ಬರ್ತೈತೆ, ನಿಂತ್ಕಂಡೇ ಕೆಲಸ ಮಾಡಬೋದು." ವೀಡಿಯೊ ಕೂಡ ಕಳಿಸಿದ. ನೋಡಿ ಆಸೆಯಾಗಿದ್ದು ಹೌದು, ಯಾರಿಗಾಗುವುದಿಲ್ಲ? ಆಮೇಲೆ ನಮ್ಮ ಮನೆಯ ಮುಂದಿನ ಜಾಗಕ್ಕೆ ಹೋಗಿ ನಿಂತೆ. ಅದೋ ಮಂಚದಷ್ಟು ಉದ್ದದ ಮೇಜು. ಅದನ್ನಿಟ್ಟರೆ ಬೈಕು ಒಳಗೆ, ನಾವು ಹೊರಗೆ. ದಿನಕ್ಕೆ ಹತ್ತು ಬೈಕು ಎತ್ತುವವರಿಗೆ ಅದು ಸರಿ. ವಾರಕ್ಕೊಮ್ಮೆ ಒಂದು ಚೈನಿಗೆ ಎಣ್ಣೆ ಬಿಡುವವಳಿಗೆ ಯಾಕೆ ಬೇಕು?

ಹೊಟ್ಟೆಯ ಕೆಳಗೆ ಕೊಟ್ಟು ಎತ್ತುವ ಚಿಕ್ಕ ಜಾಕೂ ಇದೆ, ಅದನ್ನೂ ಯೋಚಿಸಿದೆ. ನನ್ನ ಬೈಕಿನ ಹೊಟ್ಟೆಯಡಿಯಲ್ಲಿ ಸೈಲೆನ್ಸರ್ ಪೈಪು ಹಾದುಹೋಗುತ್ತದೆ. ನೆಲ ಹಿಡಿದ ಹಸುವನ್ನು ಎಬ್ಬಿಸುವಾಗ ನಾವು ಮೊದಲು ನೋಡುವುದೇ ಎಲ್ಲಿಗೆ ಆಸರೆ ಕೊಡಬೇಕು ಅಂತ. ತೂಕ ತಡೆಯದ ಜಾಗಕ್ಕೆ ಆಸರೆ ಕೊಟ್ಟರೆ ಎತ್ತುವುದಕ್ಕಿಂತ ಮುರಿಯುವುದೇ ಜಾಸ್ತಿ. ಹಾಗಾಗಿ ಜಾಕು ಬೇಡ. ನನಗೆ ಬೇಕಾಗಿದ್ದು ಹಿಂದಿನ ಚಕ್ರವೊಂದನ್ನೇ ಎತ್ತುವ ಪ್ಯಾಡಕ್ ಸ್ಟ್ಯಾಂಡ್. ಚಕ್ರವನ್ನು ಎರಡೂ ಪಕ್ಕದಿಂದ ಹಿಡಿದಿರುವ ಕಬ್ಬಿಣದ ತೋಳುಗಳಿವೆಯಲ್ಲ, ಅವುಗಳ ಕೆಳಗೆ ಇದರ ಕೊಕ್ಕೆ ಕೂರುತ್ತದೆ. ಹಿಡಿ ಒತ್ತಿದರೆ ಗಾಡಿ ಮೇಲೆ.

ಅಷ್ಟಾದರೂ ಮುಂದಿನ ಭಾನುವಾರ ನಮ್ಮವರು ತೋಳು ಮಡಚಿಕೊಂಡು ಬಂದರು. "ಇದೊಂದ್ಸಲ ಹಿಡ್ಕಂತೀನಿ, ಮಾಡಿಬಿಡು. ಫೋನ್ ಒಳಗಿಟ್ಟು ಬಂದೀನಿ."

"ಸರಿ ರೀ. ಇವತ್ತು ನಾನು ಹಿಡ್ಕಂತೀನಿ. ನೀವು ಕೈ ಹಾಕ್ರಿ."

ಅವರು ಚೈನು ನೋಡಿದರು. ನನ್ನ ಬ್ಯಾಂಡೇಜು ನೋಡಿದರು. ನನ್ನ ಇನ್ನೊಂದು ಕೈಯಲ್ಲಿದ್ದ ಫೋನು ನೋಡಿದರು.

"ನಡಿ, ದುರ್ಗಕ್ಕೆ ಹೋಗಾಣ" ಅಂದರು.

ಚಿತ್ರದುರ್ಗದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯವರು ನಮ್ಮವರನ್ನು ನೋಡಿ "ಬರ್ರಿ ಸಾರ್, ಯಾವ ಗಾಡಿಗೆ?" ಅಂದರು. ಇವರು ನನ್ನ ಕಡೆ ಬೆರಳು ತೋರಿಸಿದರು. "ಓ, ಮೇಡಂ ಸ್ಕೂಟಿಗಾ?" ನಾನು ಹೊರಗೆ ನಿಂತ ಬೈಕು ತೋರಿಸಿದೆ. ಅಂಗಡಿಯವರು ಒಮ್ಮೆ ಬೈಕು, ಒಮ್ಮೆ ನನ್ನನ್ನು ನೋಡಿ ಒಳಗಿಂದ ಮೂರು ಸ್ಟ್ಯಾಂಡ್ ತಂದಿಟ್ಟರು.

ಮೊದಲನೆಯದು ಚೆಂದ ಇತ್ತು, ಕೆಂಪು ಬಣ್ಣ. ಕಾಲಿಟ್ಟು ಒತ್ತಿದರೆ ಬಳುಕಿತು. ಎರಡನೆಯದರ ಪೈಪು ದಪ್ಪ, ಆದರೆ ಬುಡ ತೀರಾ ಕಿರಿದು. ದೊಡ್ಡ ಮೈಯ ಪ್ರಾಣಿ ಕಾಲು ಜೋಡಿಸಿ ನಿಂತರೆ ಬೀಳುವುದು ಗ್ಯಾರಂಟಿ. ಮೂರನೆಯದು ನೋಡಲು ಮಂಕು, ಬುಡ ಅಗಲ. ಕೊಕ್ಕೆಗಳಿಗೆ ದಪ್ಪ ರಬ್ಬರು, ಬೈಕಿನ ಅಗಲಕ್ಕೆ ತಕ್ಕಂತೆ ಹತ್ತಿರ ದೂರ ಸರಿಸಲು ಬೋಲ್ಟು. ಇದೇ ಅಂದುಕೊಂಡೆ.

"ಗಾಡಿಗೆ ಹಾಕಿ ನೋಡ್ಬೇಕು" ಅಂದೆ.

"ಮನೆಗೋಗಿ ಹಾಕ್ಕಳ್ರಿ ಮೇಡಂ. ಸಾರ್ ಹಿಡ್ಕಂತಾರೆ."

ಅಯ್ಯೋ ದೇವರೇ!

ಯಾರೂ ಹಿಡಿಯದೆ ನನ್ನೊಬ್ಬಳ ಕೈಯಲ್ಲಿ ಇದು ಆದರೆ ತಗೊಳ್ಳುತ್ತೇನೆ, ಇಲ್ಲದಿದ್ದರೆ ಬೇಡ ಅಂದೆ. ಯಜಮಾನರನ್ನು ರಸ್ತೆಯಾಚೆ ಟೀ ಅಂಗಡಿಗೆ ಕಳಿಸಿದೆ. ಅಂಗಡಿ ಮುಂದಿನ ಸಿಮೆಂಟು ನೆಲದಲ್ಲಿ ಬೈಕು ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ, ಮುಂದಿನ ಬ್ರೇಕನ್ನು ಹಳೆಯ ಟ್ಯೂಬಿನ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದೆ. ಹಿಂದಿನ ಚಕ್ರ ಮೇಲೆದ್ದಾಗ ಗಾಡಿ ಮುಂದಕ್ಕೆ ಉರುಳಬಾರದಲ್ಲ, ಅದಕ್ಕೆ. ಎಡಗೈಯಲ್ಲಿ ಬೈಕನ್ನು ನೆಟ್ಟಗೆ ಮಾಡಿ ಬಲಗೈಯಲ್ಲಿ ಸ್ಟ್ಯಾಂಡ್ ತಳ್ಳಿ ಕೊಕ್ಕೆ ಕೂರಿಸುತ್ತಿದ್ದೆ. ಅಷ್ಟರಲ್ಲಿ ಯಾರೋ ಕೂಗಿದರು, "ಲೇ, ಬೀಳ್ತೈತೆ! ಹಿಡ್ಕಳ್ರಲೇ!"

ಎಲ್ಲಿದ್ದರೋ ಜನ! ಒಬ್ಬರು ಹ್ಯಾಂಡಲ್ ಹಿಡಿದರು, ಒಬ್ಬರು ಸೀಟು, ಇನ್ನೊಬ್ಬರು ಯಾಕೋ ಹೆಡ್‌ಲೈಟ್ ಹಿಡಿದರು. ಒಬ್ಬರು ಈ ಕಡೆ ಎಳೆದರೆ ಇನ್ನೊಬ್ಬರು ಆ ಕಡೆ. ನೆಟ್ಟಗೆ ನಿಂತಿದ್ದ ಬೈಕು ಈಗ ನಿಜವಾಗಿಯೂ ವಾಲಿತು, ಒಂದು ಕೊಕ್ಕೆ ಜಾರಿತು. ದನದ ಸುತ್ತ ಊರೇ ಮುತ್ತಿದಾಗ ಬರುವ ನನ್ನ ದನಿ ತಾನಾಗೇ ಬಂತು.

"ಕೈ ಬಿಡ್ರೀ ಎಲ್ರೂ! ಹಿಂದಕ್ಕೆ ಸರೀರಿ!"

ಎಲ್ಲರೂ ಬಿಟ್ಟರು. ರಸ್ತೆಯಾಚೆ ನಮ್ಮವರು ಟೀ ಲೋಟವನ್ನೇ ಕೆಳಗಿಟ್ಟರು.

ಮತ್ತೆ ಕೊಕ್ಕೆ ಕೂರಿಸಿದೆ. ಹಿಡಿಯನ್ನು ಮೈಭಾರ ಬಿಟ್ಟು ಒತ್ತಿದೆ. ಹಿಂದಿನ ಚಕ್ರ ನೆಲ ಬಿಟ್ಟಿತು. ಬೈಕನ್ನು ಹಿಂದೆ ಮುಂದೆ, ಆ ಕಡೆ ಈ ಕಡೆ ಚೆನ್ನಾಗಿ ಅಲ್ಲಾಡಿಸಿದೆ. ಜಗ್ಗಲಿಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಚಕ್ರ ತಿರುಗದಂತೆ ಹಿಡಿದು, ಬ್ಯಾಂಡೇಜು ಸುತ್ತಿದ ಆ ಬೆರಳನ್ನೇ ಚೈನಿನ ಮೇಲಿಟ್ಟೆ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಏನೂ ಆಗಲಿಲ್ಲ. ಏನೂ ಆಗದಿರುವುದೇ ಅಲ್ಲವೇ ಸ್ಟ್ಯಾಂಡಿನ ಕೆಲಸ?

"ಪ್ಯಾಕ್ ಮಾಡ್ರಿ" ಅಂದೆ. ಅಂಗಡಿಯವರು ಈ ಸಲ ಬಿಲ್ಲನ್ನು ನನ್ನ ಹೆಸರಿಗೇ ಬರೆದರು.

ಬಿಚ್ಚಿ ಕಟ್ಟಿದ ಸ್ಟ್ಯಾಂಡನ್ನು ನಡುವೆ ಇಟ್ಟುಕೊಂಡು ನಮ್ಮವರು ಹಿಂದೆ ಕೂತರು. "ಇದನ್ನಾದ್ರೂ ಬಿಡಬ್ಯಾಡ್ರಿ" ಅಂದೆ. ಹೊಳಲ್ಕೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ನಿಲ್ಲಿಸಿದಾಗ ಒಬ್ಬರು "ಏನ್ ಸಾರ್ ಅದು, ಕುಂಟೆನಾ?" ಅಂತ ಕೇಳಿದರು. "ನನ್ನ ಬದ್ಲಿಗೆ ತಂದಿರೋದು" ಅಂದರು ಇವರು. ಪಾಪ, ನಗು ಬಂದರೂ ಅಯ್ಯೋ ಅನ್ನಿಸಿತು.

ಆ ಅಯ್ಯೋ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ದೀಪಾವಳಿಗೆ ಇವರು ಸ್ಟೂಲು ಹತ್ತಿ ಸೀರಿಯಲ್ ಸೆಟ್ ಕಟ್ಟುವಾಗ ಸ್ಟೂಲು ಹಿಡಿಯುವವಳು ಯಾರು? ನಾನು. ಒಲೆಯ ಮೇಲೆ ಹಾಲು ಉಕ್ಕಿದರೂ ಬಿಟ್ಟಿದ್ದೇನೆಯೇ? ನಿಮ್ಮ ಮನೆಗಳಲ್ಲೂ ಇದೇ ತಾನೇ? "ಹಿಡ್ಕಂತೀನಿ" ಅನ್ನುವುದು ಬಾಯಿಮಾತಿನ ಧೈರ್ಯವಲ್ಲ. ಕೈ ಹಾಕಿದವರು ಕೈ ತೆಗೆಯುವವರೆಗೆ ನಮ್ಮ ಕೈ ನಮ್ಮದಲ್ಲ ಅನ್ನುವ ಒಪ್ಪಂದ ಅದು. ಸಹಾಯಕ್ಕೆ ನಿಂತವರಿಗೆ ಅದು ಸಣ್ಣ ಕೆಲಸ. ಕೈ ಒಳಗಿಟ್ಟವರಿಗೆ ಮಾತ್ರ ಗೊತ್ತು ಎಷ್ಟು ದೊಡ್ಡದು ಅಂತ.

ಈಗ ನಮ್ಮ ಮನೆಯ ಚೈನು ಪಳಪಳ. ನಮ್ಮ ಪೋರ್ಟಿಕೋ ನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರಾಗಿದೆ, ಅಲ್ಲಿ ಹಾಕುವುದಿಲ್ಲ. ಪಕ್ಕದ ಸಮನೆಲದಲ್ಲಿ ನಾನೊಬ್ಬಳೇ ಎತ್ತುತ್ತೇನೆ, ನಾನೊಬ್ಬಳೇ ಇಳಿಸುತ್ತೇನೆ. ಉಗುರು ಅರ್ಧ ಹೊಸದು ಬಂದಿದೆ. ಓಂಕಾರಪ್ಪನವರು ಕಾಂಪೌಂಡಿನಾಚೆಯಿಂದ ನೋಡಿ, "ಪರವಾಗಿಲ್ಲ, ಗುದ್ಲಿ ಕಾವಿನಷ್ಟೇ ಗಟ್ಟಿ ಐತೆ" ಅಂತ ಸರ್ಟಿಫಿಕೇಟು ಕೊಟ್ಟರು.

ಕಳೆದ ಭಾನುವಾರ ನಮ್ಮವರಿಗೂ ಹುರುಪು ಬಂತು. "ತತ್ತಾ, ನಾನೂ ಒಂದ್ಸಲ ಮಾಡ್ತೀನಿ" ಅಂತ ಲುಂಗಿ ಎತ್ತಿ ಕಟ್ಟಿ ಮಣೆ ಹಾಕಿಕೊಂಡು ಕೂತರು. ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಬ್ರಶ್ಶು. ಕಿಟಕಿಯ ಕಟ್ಟೆಯ ಮೇಲಿದ್ದ ಅವರ ಫೋನು ಹೊಡೆದುಕೊಳ್ಳತೊಡಗಿತು. ನಾನು ನೋಡಿದೆ. ಅವರು ಕೆಲಸ ಮಾಡುವ ಕಾಲೇಜಿನ ಪ್ರಿನ್ಸಿಪಾಲರು.

"ರೀ, ಪ್ರಿನ್ಸಿಪಾಲ್ರು."

"ಹೊಡ್ಕಳ್ಳಿ ಬಿಡೇ" ಅಂದರು ತಲೆ ಎತ್ತದೆ. "ಕಾಣಲ್ವಾ, ಬೆರಳು ಚೈನಿನಾಗೈತೆ."

ಆವತ್ತು ಸಾಲ ಕೊಡುವವರನ್ನೂ ಕಾಯಿಸುವಷ್ಟು ತಾಳ್ಮೆ ಇವರಿಗಿರಲಿಲ್ಲ. ಇವತ್ತು ಪ್ರಿನ್ಸಿಪಾಲರೇ ಕಾಯಬೇಕಾಯಿತು. ಫೋನು ಅರ್ಜೆಂಟೋ ಅಲ್ಲವೋ ಅನ್ನುವುದು ಬೆರಳು ಯಾರದ್ದು ಅನ್ನುವುದರ ಮೇಲೆ ತಾನೇ?